ಬಕಾಸುರನ ಊರಿಗೆ ಬಂದ ಜೋಲುಕಿವಿಯ ಬೇಟೆಗಾರ

ಬಕಾಸುರ ಸತ್ತ ಊರು ನಮ್ಮದು. ಹಾಗಾಗಿ ಕೈವಾರದಲ್ಲಿ ಯಾರು ಎಷ್ಟು ತಿಂದರೂ ಬೆರಗಾಗುವ ರೂಢಿಯಿಲ್ಲ. ಏಕಚಕ್ರಪುರ ಅಂದರೆ ಇದೇ, ಭೀಮ ಆ ರಕ್ಕಸನನ್ನು ಮುರಿದು ಹಾಕಿದ್ದು ಇದೇ ಬೆಟ್ಟದಲ್ಲಿ ಎಂದು ಶಾಲೆಗೆ ಹೋಗದ ಮಕ್ಕಳೂ ಹೇಳುತ್ತವೆ. ಅನುಮಾನವಿದ್ದವರಿಗೆ ಭೀಮಲಿಂಗೇಶ್ವರನ ಗುಡಿ ತೋರಿಸುತ್ತಾರೆ. ದಿನಕ್ಕೆ ಒಂದು ಬಂಡಿ ಅನ್ನ, ಎರಡು ಕೋಣ, ಮೇಲೆ ಆ ಬಂಡಿ ಹೊಡೆದುಕೊಂಡು ಹೋದ ಮನುಷ್ಯ, ಇಷ್ಟು ಅವನ ಪಡಿ. ಇಂಥ ಊರಿನಲ್ಲಿ ಹುಟ್ಟಿ ಬೆಳೆದ ನಮ್ಮ ಪಕ್ಕದ ಮನೆ ಮೇಷ್ಟ್ರು ಈಗ ಬರೀ ಹದಿಮೂರು ಕೆಜಿ ತೂಗುವ ಒಂದು ಪ್ರಾಣಿಯ ಹಸಿವಿಗೆ ಹೆದರಿ ಕೂತಿದ್ದಾರೆ.

ನಮ್ಮಿಬ್ಬರ ಮನೆ ನಡುವಿನ ಬೇಲಿ ಅಂದರೆ ಏನು ಮಹಾ? ನಾಲ್ಕು ಕಲ್ಲುಕೂಚ, ಎರಡು ಸಾಲು ತಂತಿ, ಮೇಲೆ ಹಬ್ಬಿದ ತೊಂಡೆ ಬಳ್ಳಿ. ಕಾಯಿ ಆ ಕಡೆ ಬಿಟ್ಟರೆ ಅವರದು, ಈ ಕಡೆ ಬಿಟ್ಟರೆ ನಮ್ಮದು. ಬೆಳಗಿನ ಕಾಫಿ ಲೋಟ ಹಿಡಿದು ಅವರು ಆ ಕಡೆ, ನಾನು ಈ ಕಡೆ ನಿಂತರೆ ಮಳೆ, ಟೊಮೆಟೊ ರೇಟು, ರೇಷ್ಮೆ ಗೂಡಿನ ರೇಟು, ಬೋರ್‌ವೆಲ್ ಆಳ ಎಲ್ಲ ಮುಗಿಯುವವರೆಗೆ ಮಾತು ನಡೆಯುತ್ತಿತ್ತು. ಈಗ ಆ ವಿಷಯಗಳೆಲ್ಲ ಹಿಂದೆ ಬಿದ್ದಿವೆ. ಬೆಂಗಳೂರಿನ ಮಗ ಅಪಾರ್ಟ್‌ಮೆಂಟಿನಲ್ಲಿ ಸಾಕಲಾರದೆ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ ತಂದು ಬಿಟ್ಟುಹೋದ ಕಾಕರ್ ಸ್ಪೇನಿಯಲ್ ಮಾತಿನ ಜಾಗವನ್ನೆಲ್ಲ ಆಕ್ರಮಿಸಿಕೊಂಡಿದೆ.

ಮಗ ಇಟ್ಟ ಹೆಸರು ಕೋಕೋ. ಮೇಷ್ಟ್ರ ಮನೆಯಾಕೆ, ನಮ್ಮ ಅಕ್ಕ, ಮೊದಲ ವಾರದಲ್ಲೇ ಅದನ್ನು ‘ಬಕ’ ಅಂತ ಬದಲಾಯಿಸಿದರು. ನಾಯಿಗೂ ತಕರಾರಿಲ್ಲ, ಯಾವ ಹೆಸರು ಕೂಗಿದರೂ ತಟ್ಟೆ ಕಡೆ ನೋಡುತ್ತದೆ. ಮಗ ಅದಕ್ಕೆ ಇಂಗ್ಲಿಷಿನಲ್ಲಿ ‘ಸಿಟ್’ ಕಲಿಸಿದ್ದ. ಮೇಷ್ಟ್ರು ಕನ್ನಡದಲ್ಲಿ ಬಾ ಅನ್ನುತ್ತಾರೆ, ಅಕ್ಕ ತೆಲುಗಿನಲ್ಲಿ ಪೋ ಅನ್ನುತ್ತಾರೆ. ನಮ್ಮ ಚಿಂತಾಮಣಿ ಸೀಮೆಯಲ್ಲಿ ಬಾಳಬೇಕಾದರೆ ಎರಡು ಭಾಷೆ ಹೇಗೂ ಬೇಕು. ನಮ್ಮೂರಿನ ಸಂತ ಕೈವಾರ ತಾತಯ್ಯನವರೇ ಎರಡರಲ್ಲೂ ಹಾಡಿದವರು. ನಾಯಿ ಮೂರು ಕಲಿತಿದೆ.

“ಅಲ್ಲಯ್ಯಾ,” ಮೇಷ್ಟ್ರು ಶುರು ಮಾಡಿದರು, “ಇದು ಕಾಯೋದಿಲ್ಲ, ಕಚ್ಚೋದಿಲ್ಲ. ಮೊನ್ನೆ ಗ್ಯಾಸ್ ಸಿಲಿಂಡರ್ ತಂದವನ ಕಾಲು ನೆಕ್ಕಿ ಗೇಟಿನವರೆಗೂ ಹೋಗಿ ಕಳಿಸಿಕೊಟ್ಟು ಬಂತು. ಇದು ನಾಯಿನೋ, ನೆಂಟನೋ?”

“ಕಾಯೋ ನಾಯಿ ಅಂತ ನಿಮಗೆ ಯಾರು ಹೇಳಿದ್ರು ಮೇಷ್ಟ್ರೇ? ಅದರ ಕಸುಬೇ ಬೇರೆ. ಅದು ಕೆಲಸ ಹೋದ ಬೇಟೆಗಾರ.”

ನನಗೆ ನಾಯಿ ಪುಸ್ತಕ ಓದುವ ಹುಚ್ಚು ಹಳೆಯದು. ಅದಕ್ಕೆ ಕೇಳುವವರು ಸಿಕ್ಕಿದ್ದು ಈಗ. ಬಿಡುತ್ತೇನೆಯೇ?

ಕೋವಿ ಬರುವುದಕ್ಕೆ ಮುಂಚಿನ ಕಥೆ ಇದು. ಯುರೋಪಿನ ಸಿರಿವಂತರು ಡೇಗೆ ಬಿಟ್ಟು, ಬಲೆ ಬೀಸಿ ಹಕ್ಕಿ ಹಿಡಿಯುತ್ತಿದ್ದ ಕಾಲ. ಪೊದೆಯಲ್ಲಿ ಅಡಗಿದ ಹಕ್ಕಿಯನ್ನು ಎಬ್ಬಿಸಲು ಯಾರಾದರೂ ಒಳಗೆ ನುಗ್ಗಬೇಕಲ್ಲ, ಆ ಕೆಲಸಕ್ಕೆ ಸ್ಪೇನಿಯಲ್. ಫ್ರಾನ್ಸಿನ ಫ್ವಾ ಸೀಮೆಯ ದೊರೆ ಗಾಸ್ತೋನ್ ಫೀಬಸ್ 1387ರಲ್ಲಿ ಬೇಟೆಯ ಮೇಲೆ ದೊಡ್ಡ ಪುಸ್ತಕ ಬರೆಯಲು ಕೂತಾಗ ಈ ನಾಯಿಗಳ ಬಗ್ಗೆಯೂ ಬರೆದ. ಇವು ಸ್ಪೇನ್ ಕಡೆಯಿಂದ ಬಂದವು ಅಂದ. ಇಂಗ್ಲೆಂಡಿನಲ್ಲಿ ರಾಜವೈದ್ಯನಾಗಿದ್ದ ಜಾನ್ ಕೀಸ್ 1570ರಲ್ಲಿ ಲ್ಯಾಟಿನ್ನಿನಲ್ಲಿ ಬರೆದ ನಾಯಿಗಳ ಪುಸ್ತಕದಲ್ಲಿ ನೆಲದ ಸ್ಪೇನಿಯಲ್ ಬೇರೆ, ನೀರಿನ ಸ್ಪೇನಿಯಲ್ ಬೇರೆ ಅಂತ ವಿಂಗಡಿಸಿಟ್ಟಿದ್ದಾನೆ. ಕೋವಿ ಬಂದ ಮೇಲೆ ಡೇಗೆ ಹೋಯಿತು, ಬಲೆ ಹೋಯಿತು, ನಾಯಿ ಮಾತ್ರ ಉಳಿಯಿತು.

ಕೆಲಸದ ಕ್ರಮ ಕೇಳಿ. ಕೋವಿ ಹಿಡಿದವನ ಮುಂದೆ ಎಡಕ್ಕೆ ಬಲಕ್ಕೆ ಓಡುತ್ತ ಮೂಗು ನೆಲಕ್ಕಿಟ್ಟು ವಾಸನೆ ಹುಡುಕಬೇಕು. ಗುಂಡು ತಲುಪುವಷ್ಟು ದೂರ ದಾಟಿ ಹೋಗಬಾರದು. ಹೋದರೆ ಎದ್ದ ಹಕ್ಕಿ ಯಾರ ಪಾಲಿಗೂ ಇಲ್ಲ. ಆದ್ದರಿಂದ ಪ್ರತಿ ತಿರುವಿಗೊಮ್ಮೆ ಹಿಂತಿರುಗಿ ಒಡೆಯನ ಮುಖ ನೋಡಬೇಕು. ಮುಳ್ಳುಪೊದೆಯಿರಲಿ, ಜೌಗಿರಲಿ, ನುಗ್ಗಿ ಹಕ್ಕಿ ಎಬ್ಬಿಸಬೇಕು. ಗುಂಡು ಹಾರಿದಾಗ ಸುಮ್ಮನೆ ಕೂರಬೇಕು. ಬಿದ್ದ ಹಕ್ಕಿಯನ್ನು ಹುಡುಕಿ, ಹಲ್ಲು ನಾಟದ ಹಾಗೆ ಮೆಲ್ಲಗೆ ಬಾಯಲ್ಲಿ ಹಿಡಿದು, ತಿನ್ನದೆ ತಂದು ಕೈಗೆ ಕೊಡಬೇಕು. ನೂರಾರು ವರ್ಷ ಈ ಗುಣಗಳಿದ್ದ ನಾಯಿಗಳನ್ನೇ ಆರಿಸಿ ಆರಿಸಿ ಮರಿ ಮಾಡಿಸಿದ ಮೇಲೆ, ಅದು ಗ್ಯಾಸಿನವನನ್ನು ಕಚ್ಚಲಿ ಅಂದರೆ ಎಲ್ಲಿ ಕಚ್ಚುತ್ತದೆ? ಕಚ್ಚುವ ಸ್ಪೇನಿಯಲ್ಲನ್ನು ಬೇಟೆಗಾರರು ಎಂದೋ ಮನೆಯಿಂದ ಆಚೆ ಹಾಕಿದ್ದರು.

“ಹಂಗಾದ್ರೆ ನನ್ನ ಮುಖಾನೇ ನೋಡ್ಕೊಂಡು ಕೂತಿರುತ್ತಲ್ಲ, ಅದೂ ಕಸುಬೇನಾ?”

“ಮತ್ತೇನು? ಅದು ಅಪ್ಪಣೆಗೆ ಕಾಯ್ತಾ ಇದೆ. ನೀವು ಪೇಪರ್ ಓದ್ತಾ ಕೂತಿದ್ದೀರಿ.”

ಕಾಕರ್ ಅನ್ನುವುದು ಆಮೇಲೆ ಬಂದ ವಿಂಗಡಣೆ. ಹತ್ತೊಂಬತ್ತನೇ ಶತಮಾನದಲ್ಲಿ ಒಂದೇ ಸೂಲಿನ ಮರಿಗಳಲ್ಲಿ 25 ಪೌಂಡಿಗಿಂತ, ಅಂದರೆ ಹನ್ನೊಂದು ಕೆಜಿ ಚಿಲ್ಲರೆಗಿಂತ ಕಡಿಮೆ ತೂಗಿದ್ದು ಕಾಕರ್, ಅದಕ್ಕಿಂತ ಹೆಚ್ಚು ತೂಗಿದ್ದು ಸ್ಪ್ರಿಂಗರ್ ಅನ್ನಿಸಿಕೊಳ್ಳುತ್ತಿತ್ತು. ಒಂದೇ ತಾಯಿ ಮಕ್ಕಳಿಗೆ ತಕ್ಕಡಿ ನೋಡಿ ಎರಡು ಜಾತಿ! ಮೇಷ್ಟ್ರು ಇದಕ್ಕೆ ನಕ್ಕರು. ನಮ್ಮಲ್ಲಿ ತಕ್ಕಡಿಯೂ ಇಲ್ಲದೆ ಮಾಡುತ್ತೇವಲ್ಲ ಅಂತ ಅವರು ಹೇಳಲಿಲ್ಲ, ನಾನೂ ಹೇಳಲಿಲ್ಲ. ಸಣ್ಣ ನಾಯಿ ವುಡ್‌ಕಾಕ್ ಅನ್ನುವ ಹಕ್ಕಿಯ ಬೇಟೆಗೆ ಹೇಳಿ ಮಾಡಿಸಿದ್ದು. ಆ ಹಕ್ಕಿ ಒತ್ತಾದ ಪೊದೆಯ ಬುಡದಲ್ಲಿ ಒಣ ಎಲೆಯ ಬಣ್ಣದಲ್ಲಿ ಅಡಗಿರುತ್ತದೆ. ದೊಡ್ಡ ನಾಯಿ ಅಲ್ಲಿ ನುಸಿಯಲಾರದು. 1873ರಲ್ಲಿ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಹುಟ್ಟಿತು. 1890ರ ದಶಕದ ಆರಂಭದಲ್ಲಿ ಕಾಕರನ್ನು ಅದು ಬೇರೆಯೇ ತಳಿ ಎಂದು ಒಪ್ಪಿತು. 1879ರಲ್ಲಿ ಹುಟ್ಟಿದ ಓಬೋ ಅನ್ನುವ ಗಂಡು ನಾಯಿಯೇ ಇವತ್ತಿನ ಕಾಕರ್‌ಗಳ ಮೂಲಪುರುಷ ಅಂತ ಅವರ ವಂಶಾವಳಿ. ಈಗಿನ ಇಂಗ್ಲಿಷ್ ಕಾಕರ್ ಗಂಡು ನೆಲದಿಂದ ಭುಜದವರೆಗೆ 39ರಿಂದ 41 ಸೆಂಟಿಮೀಟರ್ ಎತ್ತರ, ತೂಕ ಹದಿಮೂರರಿಂದ ಹದಿನಾಲ್ಕೂವರೆ ಕೆಜಿ. ಬಣ್ಣ ಕಪ್ಪು, ಕಂದು, ಹೊಂಬಣ್ಣ, ಚುಕ್ಕಿ ಎರಚಿದ ನೀಲಿಬೂದು ಹೀಗೆ ಹತ್ತಾರು.

ಮೇಷ್ಟ್ರು ಸುಲಭಕ್ಕೆ ಸೋಲುವವರಲ್ಲ. “ಬೇಟೆ ನಾಯಿ ಅಂದ್ರೆ ನಮ್ಮ ಮುಧೋಳದ್ದು ಕಣಯ್ಯ. ನೋಡು, ಅಂಚೆ ಚೀಟಿ ಮೇಲೆ ಬಂದಿದೆ, ಮಿಲಿಟರಿಗೂ ಸೇರಿದೆ.”

ಸುಳ್ಳಲ್ಲ. 2005ರ ಜನವರಿಯಲ್ಲಿ ಅಂಚೆ ಇಲಾಖೆ ನಾಲ್ಕು ದೇಸಿ ನಾಯಿಗಳ ಚೀಟಿ ತಂದಾಗ ಮುಧೋಳವೂ ಅದರಲ್ಲಿತ್ತು. 2016ರಲ್ಲಿ ಸೇನೆಯವರು ಮರಿಗಳನ್ನು ಮೀರತ್ತಿಗೆ ಒಯ್ದು ಪಳಗಿಸಿದರು. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಆ ತಳಿಗಾಗಿಯೇ ಒಂದು ಸಂಶೋಧನಾ ಕೇಂದ್ರವಿದೆ. ಆದರೆ ಮುಧೋಳ ಕಣ್ಣಿನ ನಾಯಿ. ಬಯಲಿನಲ್ಲಿ ದೂರದ ಮೊಲ ಕಂಡರೆ ಬಾಣ ಬಿಟ್ಟಂತೆ ಹೋಗುತ್ತದೆ, ಹಿಡಿದು ಕೊಲ್ಲುತ್ತದೆ. ಸ್ಪೇನಿಯಲ್ ಮೂಗಿನ ನಾಯಿ. ಅದು ಕೊಲ್ಲುವುದಿಲ್ಲ, ಹುಡುಕಿಕೊಡುತ್ತದೆ. ಮುಧೋಳವನ್ನು ಮೂವತ್ತು-ನಲವತ್ತರ ಸೈಟಿನ ಮನೆಯಲ್ಲಿ ಸರಪಳಿ ಹಾಕಿ ಕಟ್ಟಿದವರನ್ನೂ ನೋಡಿದ್ದೇನೆ. ಅದೂ ಅಷ್ಟೇ ಅನ್ಯಾಯ.

“ಸರಿ, ಈ ಸೀಮೆ ನಾಯಿಗೂ ಕನ್ನಡಕ್ಕೂ ಏನು ಸಂಬಂಧ ಹೇಳು ನೋಡೋಣ?”

ಇಲ್ಲಿ ಮೇಷ್ಟ್ರು ಸಿಕ್ಕಿಬಿದ್ದರು. ಕನ್ನಡ ಕಲಿಸಿದವರು ಅವರು. “ತೇಜಸ್ವಿಯವರ ಕಿವಿ ಯಾವ ಜಾತಿ ಮೇಷ್ಟ್ರೇ?” ಅಂದೆ.

ಒಂದು ಗುಟುಕು ಕಾಫಿಯಷ್ಟು ಹೊತ್ತು ಸುಮ್ಮನಿದ್ದರು. ಆಮೇಲೆ ಮುಖ ಅರಳಿತು. ‘ಕರ್ವಾಲೊ’ 1980ರಲ್ಲಿ ಬಂದಾಗಿನಿಂದ ಕನ್ನಡಿಗರ ಮನೆಮಾತಾದ ಕಿವಿ, ಆಮೇಲೆ ‘ಪರಿಸರದ ಕಥೆ’ಯಲ್ಲೂ ಓಡಾಡಿದ ಕಿವಿ, ಸ್ಪೇನಿಯಲ್. ಮೂಡಿಗೆರೆಯ ಕಾಡುತೋಟಗಳಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಹಿಂದೆ ಮುಂದೆ ಸುತ್ತಿದ ಆ ನಾಯಿಯನ್ನು ಓದಿದವರು ಯಾರೂ ಮರೆತಿಲ್ಲ. ತಮಾಷೆಯೆಂದರೆ, ಓದಿದ ಎಷ್ಟೋ ಮಂದಿಗೆ ಅದು ಇಂಥ ಜಾತಿಯ ನಾಯಿ ಅನ್ನುವುದು ನೆನಪೇ ಇಲ್ಲ. ನನಗೆ ಅದೇ ಸರಿ ಅನ್ನಿಸುತ್ತದೆ. ತೇಜಸ್ವಿಯವರು ಜಾತಿ ನಾಯಿ ಸಾಕಿದ್ದನ್ನು ಬರೆಯಲಿಲ್ಲ, ತಮ್ಮ ಜೊತೆ ಕಾಡು ಸುತ್ತಿದ ಒಬ್ಬ ಪಾತ್ರಧಾರಿಯನ್ನು ಬರೆದರು. ಮಲೆನಾಡಿಗೆ ಈ ನಾಯಿಗಳು ಬಂದ ದಾರಿ ಊಹಿಸುವುದೂ ಕಷ್ಟವಲ್ಲ. ಕಾಫಿ ತೋಟ ಮಾಡಿದ ಬಿಳಿಯರು, ಬೆಂಗಳೂರಿನ ದಂಡಿನವರು ಕೋವಿಯ ಜೊತೆ ನಾಯಿಯನ್ನೂ ತಂದರು. ಕೋವಿಯವರು ಹೋದರು, ನಾಯಿ ಇಲ್ಲೇ ಉಳಿದು ಮರಿ ಹಾಕಿತು.

ಕಿವಿಯ ಹೆಸರು ಕೇಳಿದ ದಿನದಿಂದ ಮೇಷ್ಟ್ರಿಗೆ ನಾಯಿಯ ಮೇಲೆ ಸ್ವಲ್ಪ ಸಾಹಿತ್ಯಾಭಿಮಾನ ಹುಟ್ಟಿತು. ಬೆಳಗ್ಗೆ ಬೆಟ್ಟದ ಕಡೆ ವಾಕಿಂಗಿಗೆ ಕರೆದುಕೊಂಡು ಹೋಗಲು ಶುರು ಮಾಡಿದರು. ಜೊತೆಗೆ ನಾನೂ. ಆಗ ನೋಡಬೇಕಿತ್ತು ಬಕನ ಅವತಾರ. ಸೋಫಾದ ಕೆಳಗೆ ಮಲಗಿ ನಿಟ್ಟುಸಿರು ಬಿಡುತ್ತಿದ್ದ ಪ್ರಾಣಿ, ಹಿಪ್ಪುನೇರಳೆ ತೋಟ ದಾಟಿ ಲಂಟಾನ ಪೊದೆಗಳ ಹತ್ತಿರ ಬಂದದ್ದೇ ತಡ, ಮೂಗು ನೆಲಕ್ಕೆ, ಬಾಲ ಪಟಪಟ. ಎಡಕ್ಕೆ ಹತ್ತು ಹೆಜ್ಜೆ, ಬಲಕ್ಕೆ ಹತ್ತು ಹೆಜ್ಜೆ, ತಿರುಗಿ ಮೇಷ್ಟ್ರ ಮುಖ. ಯಾರೂ ಕಲಿಸಿದ್ದಲ್ಲ. ಆರನೇ ಮಹಡಿಯಲ್ಲಿ ಬೆಳೆದ ನಾಯಿಗೆ ಕಲಿಸುವವರು ಯಾರಿದ್ದರು? ಪೊದೆಯಿಂದ ಒಂದು ಜೋಡಿ ಕೌಜುಗ ಬರ್ರೆಂದು ಎದ್ದವು. ಬಕ ಗಕ್ಕನೆ ನಿಂತು ನಮ್ಮ ಕಡೆ ನೋಡಿತು. “ನನ್ನ ಕೆಲಸ ಆಯ್ತು, ನಿಮ್ಮದು ಎಲ್ಲಿ?” ಅನ್ನುವ ನೋಟ. ಮೇಷ್ಟ್ರ ಕೈಯಲ್ಲಿ ಇದ್ದದ್ದು ಕೊಡೆ.

ಇರಬೇಕಾದದ್ದೂ ಕೊಡೆಯೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೌಜುಗ ಹೊಡೆಯುವುದು ಅಪರಾಧ. ಉರುಳು ಹಾಕಿ ಹಿಡಿಯುವವರು ಈಗಲೂ ಇದ್ದಾರೆ, ಅದೂ ಅಪರಾಧವೇ. ಮೊಟ್ಟೆ ಇಡುವ ಕಾಲದಲ್ಲಿ ನಾಯಿಯನ್ನು ಹಗ್ಗದಲ್ಲೇ ಹಿಡಿದು ನಡೆಸಬೇಕು ಅಂತ ಮೇಷ್ಟ್ರಿಗೆ ಹೇಳಿದ್ದೇನೆ. ಹಕ್ಕಿ ಇಲ್ಲದಿದ್ದರೂ ಮೂಗಿಗೆ ಕೆಲಸ ಕೊಡಬಹುದು. ಹಳೆಯ ಕಾಲುಚೀಲದಲ್ಲಿ ಒಂದು ಚೂರು ಒಣಮೀನು ಕಟ್ಟಿ ಹಿತ್ತಲಿನ ಸೌದೆ ರಾಶಿಯಲ್ಲಿ ಬಚ್ಚಿಟ್ಟು “ಹುಡುಕು” ಅಂದರೆ ಆಯಿತು. ಹತ್ತು ನಿಮಿಷ ಹುಡುಕಿದರೆ ಅರ್ಧ ಗಂಟೆ ಓಡಿದಷ್ಟು ದಣಿದು ಮಲಗುತ್ತದೆ. (ಒಣಮೀನು ನಮ್ಮ ಮನೆಯಿಂದಲೇ ಹೋಗಬೇಕು. ಮೇಷ್ಟ್ರ ಮನೆ ಕಟ್ಟಾ ಸಸ್ಯಾಹಾರ.)

ಈ ಮೂಗಿನ ಶಕ್ತಿ ಎಷ್ಟೆಂದರೆ, ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಐವತ್ತು ಅರವತ್ತು ಲಕ್ಷವಾದರೆ ನಾಯಿಗೆ ಇಪ್ಪತ್ತು ಕೋಟಿಗೂ ಮೇಲೆ. ಶಿಡ್ಲಘಟ್ಟದ ಕಡೆ ರೇಷ್ಮೆ ನೂಲು ಬಿಚ್ಚುವ ಮನೆಗಳ ಮುಂದೆ ಹಾದುಹೋದವರಿಗೆ ಗೊತ್ತು, ಬೆಂದ ಹುಳುವಿನ ವಾಸನೆ ನಮ್ಮ ಮೂಗನ್ನೇ ಹಿಡಿದು ಎಳೆಯುತ್ತದೆ. ಮೇಷ್ಟ್ರು ಒಮ್ಮೆ ಬಕನನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಆ ದಾರಿಯಲ್ಲಿ ಹೋದಾಗ ಅದು ಕೆಳಗೆ ಹಾರಿ, ಹುಳು ಒಣಗಲು ಹಾಕಿದ ಚಾಪೆಯ ಮೇಲೆ ಉರುಳಾಡಿ ಬಂದಿತ್ತು. ಮೂರು ಬಾರಿ ಸ್ನಾನ ಮಾಡಿಸಿದರೂ ಅಕ್ಕ ಒಳಗೆ ಬಿಡಲಿಲ್ಲ.

ಇದೇ ಮೂಗನ್ನು ಸರ್ಕಾರ ಸರಿಯಾಗಿ ಬಳಸಿಕೊಂಡಿದೆ. ವಿಮಾನ ನಿಲ್ದಾಣ ಕಾಯುವ ಸಿಐಎಸ್‌ಎಫ್‌ನ ಶ್ವಾನದಳದಲ್ಲಿ ಕಾಕರ್ ಸ್ಪೇನಿಯಲ್‌ಗಳಿವೆ. ಸಾಮಾನುಗಳ ಸಂದಿಯಲ್ಲಿ ನುಸುಳುವ ಸಣ್ಣ ಮೈ, ಜನರನ್ನು ಹೆದರಿಸದ ಮುಖ, ಎರಡೂ ಅಲ್ಲಿ ಅನುಕೂಲ. ಕೊರೋನಾ ಕಾಲದಲ್ಲಿ, 2021ರ ಫೆಬ್ರುವರಿಯಲ್ಲಿ, ಸೇನೆ ದೆಹಲಿಯಲ್ಲಿ ಒಂದು ಪ್ರಾತ್ಯಕ್ಷಿಕೆ ನಡೆಸಿತು. ಬೆವರು ಮತ್ತು ಮೂತ್ರದ ಮಾದರಿ ಮೂಸಿ ಸೋಂಕು ಗುರುತಿಸಲು ಪಳಗಿಸಿದ ನಾಯಿಗಳಲ್ಲಿ ಕ್ಯಾಸ್ಪರ್ ಅನ್ನುವುದು ಕಾಕರ್ ಸ್ಪೇನಿಯಲ್. ಜೊತೆಯ ಜಯಾ ಮತ್ತು ಮಣಿ ತಮಿಳುನಾಡಿನ ಚಿಪ್ಪಿಪಾರೈ ತಳಿಯವು. ಸೀಮೆ ನಾಯಿ, ದೇಸಿ ನಾಯಿ ಒಂದೇ ಸಾಲಿನಲ್ಲಿ ಕೂತು ಒಂದೇ ಕೆಲಸ ಮಾಡಿದವು. ಮೇಷ್ಟ್ರಿಗೆ ಈ ಸುದ್ದಿ ಬಹಳ ಹಿಡಿಸಿತು. ಅದನ್ನು ಮಠದ ಮುಂದೆ ಕೂರುವ ಗೆಳೆಯರಿಗೆಲ್ಲ ಹೇಳಿ, ಬಕನೇ ಕೊರೋನಾ ಹಿಡಿದುಕೊಟ್ಟಿತೇನೋ ಅನ್ನುವಂತೆ ಮಾಡಿಬಿಟ್ಟರು.

ಇನ್ನು ಹೊಟ್ಟೆಯ ವಿಷಯ. ಕಾಕರ್‌ಗಳಿಗೆ ತಿನ್ನುವ ಚಪಲ ಹೆಚ್ಚು, ಬೊಜ್ಜು ಬೇಗ. ಅದರ ಮೇಲೆ ದೇವರು ಕೊಟ್ಟ ಆ ಕಣ್ಣು! ಜಗತ್ತಿನ ಎಲ್ಲ ಅನಾಥ ಮಕ್ಕಳ ಪರವಾಗಿ ನೋಡುತ್ತಿರುವ ಹಾಗೆ ನೋಡುತ್ತದೆ. ಅಕ್ಕ ಕರಗಿ ಮುದ್ದೆ ಮುರಿದು ಹಾಕುತ್ತಾರೆ. ಐದು ನಿಮಿಷದ ಮೇಲೆ ಮೇಷ್ಟ್ರ ಮುಂದೆ ಅದೇ ನೋಟ, ಅವರೂ ಹಾಕುತ್ತಾರೆ. ಆಮೇಲೆ ಬೇಲಿಯ ತಂತಿಯಡಿ ನುಸಿದು ನಮ್ಮ ಮನೆಗೆ ಬಂದು, ಮೂರು ದಿನದಿಂದ ಉಪವಾಸ ಅನ್ನುವ ಮುಖ. ಮೂರೂ ಕಡೆ ತಿಂದದ್ದು ನಮಗೆ ಗೊತ್ತಾದದ್ದು ಬೇಲಿ ಬಳಿಯ ಮಾತಿನಲ್ಲೇ.

ಎಷ್ಟು ತಿನ್ನುತ್ತದೆ ಅನ್ನುವುದಕ್ಕಿಂತ ಏನು ತಿನ್ನುತ್ತದೆ ಅನ್ನುವುದು ನಮ್ಮ ಸೀಮೆಯಲ್ಲಿ ದೊಡ್ಡ ಚಿಂತೆ. ಚಿಕ್ಕಬಳ್ಳಾಪುರ ಜಿಲ್ಲೆ ಅಂದರೆ ದ್ರಾಕ್ಷಿ. ಬೆಂಗಳೂರು ಬ್ಲೂ ಹಣ್ಣಿನ ಕಾಲದಲ್ಲಿ ಮನೆಮನೆಯಲ್ಲೂ ಬುಟ್ಟಿ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಗೆ ವಿಷ, ಮೂತ್ರಪಿಂಡ ಕೆಡುತ್ತದೆ. ಯಾವ ನಾಯಿಗೆ ಎಷ್ಟು ತಿಂದರೆ ಕೆಡುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲವಾದ್ದರಿಂದ ಒಂದು ಹಣ್ಣೂ ಕೊಡಬಾರದು. ಅಕ್ಕನಿಗೆ ಇದು ನಂಬಿಕೆಯೇ ಬರಲಿಲ್ಲ. “ದೇವರ ಪ್ರಸಾದದ ದ್ರಾಕ್ಷೀನೂ ಬ್ಯಾಡ್ವಾ?” ಬ್ಯಾಡ ಅಕ್ಕ, ಪಾಯಸದಲ್ಲಿದ್ದರೂ ಬ್ಯಾಡ. ಈರುಳ್ಳಿ, ಬೆಳ್ಳುಳ್ಳಿ ರಕ್ತದ ಕೆಂಪುಕಣ ಒಡೆಯುತ್ತವೆ; ನಮ್ಮ ಬಸ್ಸಾರು, ಹುಳಿಯಲ್ಲಿ ಅವೆರಡೂ ಧಾರಾಳ. ಮುದ್ದೆ ತೊಂದರೆಯಿಲ್ಲ, ಸಾರು ಬೇಡ. ಮೊಸರು ಕೊಡಬಹುದು, ಬೇಯಿಸಿದ ಮೊಟ್ಟೆ ಬಹಳ ಒಳ್ಳೆಯದು ಅಂದೆ. ಮೊಟ್ಟೆಯ ಮಾತಿಗೆ ಅಕ್ಕ ಒಳಗೆ ಹೋದರು. ಮಾವಿನ ಕಾಲದಲ್ಲಿ ಮತ್ತೊಂದು ಅಪಾಯ: ಚೀಪಿ ಎಸೆದ ವಾಟೆಯನ್ನು ಈ ಪ್ರಾಣಿ ಗುಳುಂ ಅನ್ನಿಸಿದರೆ ಅದು ಕರುಳಿನಲ್ಲಿ ಸಿಕ್ಕಿಕೊಂಡು ಆಪರೇಷನ್ನಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಓಡಬೇಕಾಗುತ್ತದೆ. ಟೊಮೆಟೊಗೆ, ದ್ರಾಕ್ಷಿಗೆ ಔಷಧಿ ಹೊಡೆದ ದಿನ ತೋಟದ ಕಡೆ ಬಿಡುವುದೇ ಬೇಡ. ಮೂಗು ನೆಲಕ್ಕಿಟ್ಟು ನಡೆಯುವ ಜೀವಕ್ಕೆ ನೆಲದ ಮೇಲಿನ ವಿಷ ನಮಗಿಂತ ಮೊದಲು ತಲುಪುತ್ತದೆ.

ಕಿವಿ. ಈ ತಳಿಯ ಅಂದವೂ ಅದೇ, ಗೋಳೂ ಅದೇ. ಕೆಳಗೆ ಜೋತುಬಿದ್ದ ಉದ್ದ ಕಿವಿಯೊಳಗೆ ಗಾಳಿಯಾಡದೆ ಬೆವೆತಂತಾಗಿ ಕೀವು, ಬೂಷ್ಟು ಕಟ್ಟುತ್ತದೆ. ತಲೆ ಒದರುವುದು, ಕೆರೆದುಕೊಳ್ಳುವುದು, ಹುಳಿ ವಾಸನೆ ಬಂದರೆ ತಡಮಾಡದೆ ಡಾಕ್ಟರಿಗೆ ತೋರಿಸಬೇಕು. ಎಣ್ಣೆ ಕಾಯಿಸಿ ಬಿಡುವ ಮನೆಮದ್ದು ಮಾಡಲೇಬಾರದು. ವಾರಕ್ಕೊಮ್ಮೆ ಕಿವಿ ಎತ್ತಿ ನೋಡಿ ಒರೆಸಬೇಕು. ನಮ್ಮ ಒಣನೆಲದ ಹುಲ್ಲಿನ ಊಬು, ಉತ್ತರಾಣಿ ಬೀಜ ಆ ಕೂದಲಿಗೆ ಹತ್ತಿ ಕಿವಿಯೊಳಗೆ, ಬೆರಳ ಸಂದಿಯೊಳಗೆ ಹೊಕ್ಕರೆ ಹೊರಗೆ ಬರುವುದಿಲ್ಲ, ಒಳಗೇ ಸರಿಯುತ್ತ ಹೋಗುತ್ತದೆ. ಬೆಟ್ಟದಿಂದ ಬಂದ ತಕ್ಷಣ ಮೇಷ್ಟ್ರು ಕನ್ನಡಕ ಹಾಕಿಕೊಂಡು ಅಂಗಳದಲ್ಲಿ ಕೂತು, ಹಿಂದೆ ಪರೀಕ್ಷೆ ಪೇಪರ್ ತಿದ್ದುತ್ತಿದ್ದ ಅದೇ ಶ್ರದ್ಧೆಯಲ್ಲಿ ಕಿವಿ, ಕಾಲು, ಕಂಕುಳು ತಿದ್ದುತ್ತಾರೆ. ಉಣ್ಣೆ ಸಿಕ್ಕಿದರೆ ಕೆಂಪು ಶಾಯಿ ಹಾಕುವಷ್ಟೇ ಸಿಟ್ಟು. ಉಣ್ಣೆ ಕಡಿತದಿಂದ ಬರುವ ಜ್ವರ ನಮ್ಮ ಕಡೆ ಎಷ್ಟೋ ಸೀಮೆ ನಾಯಿಗಳನ್ನು ತೆಗೆದುಕೊಂಡು ಹೋಗಿದೆ. ಊಟದ ಹೊತ್ತಿಗೆ ಕಿವಿ ತಟ್ಟೆಗೆ ಬೀಳುವುದಕ್ಕೆ ಅಕ್ಕನೇ ಉಪಾಯ ಕಂಡುಹಿಡಿದರು: ಹಳೆಯ ಸಾಕ್ಸಿನ ತುದಿ ಕತ್ತರಿಸಿ ತಲೆಗೆ ಏರಿಸಿ ಎರಡೂ ಕಿವಿ ಒಳಗೆ ಸೇರಿಸಿಬಿಡುತ್ತಾರೆ. ಚಳಿಗಾಲದಲ್ಲಿ ಮಫ್ಲರ್ ಸುತ್ತಿಕೊಂಡ ಮೇಷ್ಟ್ರಿಗೂ ಉಣ್ಣುತ್ತಿರುವ ಬಕನಿಗೂ ಆಗ ವ್ಯತ್ಯಾಸ ಕಡಿಮೆ. ಇದನ್ನು ಮೇಷ್ಟ್ರ ಎದುರು ಹೇಳಿಲ್ಲ.

ಬಕನ ಬಾಲ ಮೋಟು. ಪೊದೆಯಲ್ಲಿ ಬಾಲ ಬಡಿದು ಗಾಯವಾಗುತ್ತದೆ ಅಂತ ಬೇಟೆಗಾರರು ಮರಿಯಲ್ಲೇ ಕತ್ತರಿಸುತ್ತಿದ್ದರು. ಬ್ರಿಟನ್ನಿನಲ್ಲೇ 2006ರ ಕಾಯ್ದೆ ಬಂದ ಮೇಲೆ ಕೆಲಸದ ನಾಯಿಗಳನ್ನು ಬಿಟ್ಟು ಉಳಿದವಕ್ಕೆ ಅದು ನಿಂತಿತು. ನಮ್ಮಲ್ಲೂ ಚಂದಕ್ಕೆಂದು ಪ್ರಾಣಿಯ ಅಂಗ ಕತ್ತರಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಹಿಂಸೆಯೇ. ಆದರೂ ಸೋಫಾ ಮೇಲೆ ಮಲಗಲು ಮಾರುವ ಮರಿಗೆ ಪೊದೆಯ ನೆಪ ಹೇಳಿ ಕತ್ತರಿಸುವವರು ನಿಂತಿಲ್ಲ.

ಹೆಸರು ಬಂದದ್ದೇ ಈ ನಾಯಿಗೆ ಕೇಡಾಯಿತು ಅನ್ನುವುದು ನನ್ನ ತೀರ್ಮಾನ. ಇಂಗ್ಲೆಂಡಿನ ಕ್ರಫ್ಟ್ಸ್ ನಾಯಿ ಪ್ರದರ್ಶನದಲ್ಲಿ ಕಾಕರ್ ಏಳು ಸಲ ಸರ್ವಶ್ರೇಷ್ಠ ಅನ್ನಿಸಿಕೊಂಡಿದೆ. ಅದರಲ್ಲಿ ಆರು ಸಲ, 1930ರಿಂದ 1950ರ ನಡುವೆ, ಲಾಯ್ಡ್ ಎಂಬ ಒಬ್ಬನೇ ಸಾಕಣೆದಾರನ ನಾಯಿಗಳು. ಅಮೆರಿಕದವರು ಇದನ್ನು ಒಯ್ದು ಮೂತಿ ಗಿಡ್ಡ ಮಾಡಿ, ತಲೆ ಗುಂಡಗೆ ಮಾಡಿ, ಕೂದಲು ನೆಲ ಗುಡಿಸುವಷ್ಟು ಬೆಳೆಸಿ ತಮ್ಮದೇ ಒಂದು ಕಾಕರ್ ಮಾಡಿಕೊಂಡರು. ಕೊನೆಗೆ 1946ರಲ್ಲಿ ಅಲ್ಲಿನ ಕೆನಲ್ ಕ್ಲಬ್ ಇಂಗ್ಲಿಷ್ ಕಾಕರನ್ನು ಬೇರೆ ತಳಿಯಾಗಿ ನೋಂದಾಯಿಸಬೇಕಾಯಿತು. 1936ರಿಂದ 1952ರವರೆಗೆ ಅಮೆರಿಕದಲ್ಲಿ ಅತಿ ಹೆಚ್ಚು ನೋಂದಣಿಯಾದ ತಳಿ ಕಾಕರ್. 1952ರ ಸೆಪ್ಟೆಂಬರ್ 23ರಂದು, ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ರಿಚರ್ಡ್ ನಿಕ್ಸನ್ ಹಣದ ಆರೋಪಕ್ಕೆ ಉತ್ತರ ಹೇಳಲು ಟಿವಿ ಮುಂದೆ ಬಂದು, ಯಾರೋ ಅಭಿಮಾನಿ ಕಳಿಸಿದ ಕಪ್ಪುಬಿಳುಪಿನ ಕಾಕರ್ ಮರಿಯ ಮಾತೆತ್ತಿದ. ನನ್ನ ಹೆಣ್ಣುಮಕ್ಕಳು ಅದನ್ನು ಹಚ್ಚಿಕೊಂಡಿದ್ದಾರೆ, ಯಾರು ಏನೇ ಅಂದರೂ ಅದನ್ನು ಮಾತ್ರ ವಾಪಸು ಕೊಡೆನು ಅಂದ. ಕೋಟಿಗಟ್ಟಲೆ ಜನ ಕರಗಿದರು, ಸ್ಥಾನ ಉಳಿಯಿತು.

“ನಮ್ಮ ಕಡೆಯವರಿಗೆ ಇದು ಗೊತ್ತಿಲ್ಲ ಸದ್ಯ,” ಅಂದರು ಮೇಷ್ಟ್ರು. “ಗೊತ್ತಾದ್ರೆ ಪ್ರತಿ ಎಲೆಕ್ಷನ್‌ಗೂ ಒಂದೊಂದು ಮರಿ ಎತ್ಕೊಂಡು ಬರ್ತಾರೆ.”

ಕೇಳುವವರು ಹೆಚ್ಚಾದಾಗ ಮಾರುವವರು ಕಣ್ಣುಮುಚ್ಚಿ ಮರಿ ಮಾಡಿಸುತ್ತಾರೆ. ಅಣ್ಣತಂಗಿಯರನ್ನೇ ಕೂಡಿಸುವುದು, ಕಾಯಿಲೆಯ ತಾಯಿಯಿಂದ ಮತ್ತೆ ಮತ್ತೆ ಮರಿ ತೆಗೆಯುವುದು. ಕಾಕರ್‌ಗಳಲ್ಲಿ ರೆಟಿನಾ ಸವೆದು ಕುರುಡಾಗುವ ಕಾಯಿಲೆ, ಚಿಕ್ಕ ವಯಸ್ಸಿನಲ್ಲೇ ಮೂತ್ರಪಿಂಡ ಸೋಲುವ ಕಾಯಿಲೆ ವಂಶದಲ್ಲಿ ಹರಿದುಬರುತ್ತವೆ. ತಾಯಿ ತಂದೆಯ ರಕ್ತ ಪರೀಕ್ಷಿಸಿದರೆ ಮೊದಲೇ ತಿಳಿಯುತ್ತದೆ. ಯಾರು ಪರೀಕ್ಷಿಸುತ್ತಾರೆ? 2022ರಲ್ಲಿ ‘777 ಚಾರ್ಲಿ’ ನೋಡಿ ಕಣ್ಣೊರೆಸಿಕೊಂಡು ಬಂದವರಲ್ಲಿ ಕೆಲವರು ಮಾರನೇ ವಾರವೇ ಲ್ಯಾಬ್ರಡಾರ್ ಮರಿ ಎಷ್ಟಕ್ಕೆ ಸಿಗುತ್ತೆ ಅಂತ ವಿಚಾರಿಸಿದರು. ಆ ಚಿತ್ರ ಹೇಳಿದ್ದೇ ಇಂಥ ಮರಿ ವ್ಯಾಪಾರದ ಕ್ರೌರ್ಯವನ್ನು.

ಮೇಷ್ಟ್ರ ಮೊಮ್ಮಗಳು ರಜೆಗೆ ಬಂದಾಗ ಫೋನಿನಲ್ಲಿ ‘ಲೇಡಿ ಆ್ಯಂಡ್ ದಿ ಟ್ರ್ಯಾಂಪ್’ ಹಾಕಿಕೊಂಡು ಕೂರುತ್ತಾಳೆ. ಡಿಸ್ನಿಯವರು 1955ರಲ್ಲಿ ಮಾಡಿದ ಚಿತ್ರ. ಸಿರಿವಂತರ ಮನೆಯ ಕಾಕರ್, ಬೀದಿಯ ನಾಯಿ, ಅವರಿಬ್ಬರ ಪ್ರೀತಿ. ನಮ್ಮ ಬೀದಿಯಲ್ಲೂ ಅದೇ ನಡೆಯುತ್ತಿದೆ, ಪ್ರೀತಿಯ ಬದಲು ಗೆಳೆತನ. ನಮ್ಮ ಬೀದಿ ಕಾಯುವ ಕರಿಯ ಮೊದಲು ಬಕನನ್ನು ನೋಡಿ ಗುರ್ ಅಂದಿತ್ತು. ಈಗ ಬೆಳಗಿನ ವಾಕಿಂಗಿಗೆ ಅದೇ ಮುಂದಾಳು. ಬಕ ಹುಡುಕುತ್ತದೆ, ಕರಿಯ ಕಾಯುತ್ತದೆ. ಅಪರಿಚಿತರು ಬಂದರೆ ಕರಿಯ ಬೊಗಳುತ್ತದೆ, ಅದನ್ನು ಕೇಳಿ ಬಕ ಬಾಲ ಅಲ್ಲಾಡಿಸುತ್ತ ಸ್ವಾಗತಕ್ಕೆ ಓಡುತ್ತದೆ. ಬಿಸಿಲಿಗೆ ಕರಿಯ ಜಗ್ಗುವುದಿಲ್ಲ, ಬಕ ಏಪ್ರಿಲ್ ಮಧ್ಯಾಹ್ನ ಸಿಮೆಂಟ್ ತೊಟ್ಟಿಯ ಪಕ್ಕ ನಾಲಿಗೆ ಚಾಚಿ ಬಿದ್ದಿರುತ್ತದೆ. ಮೈಕೂದಲನ್ನು ಬೇಸಿಗೆಗೆ ಕತ್ತರಿಸಬೇಕು, ಹಾಗಂತ ಬೋಳಿಸಿದರೆ ಚರ್ಮ ಸುಡುತ್ತದೆ. ಕರಿಯನಿಗೆ ಈ ಯಾವ ತಾಪತ್ರಯವೂ ಇಲ್ಲ. ಈ ನೆಲಕ್ಕೆ ಹುಟ್ಟಿದ ನಾಯಿ.

“ಮಹಾಭಾರತ ನಾಯಿಯಿಂದಲೇ ಶುರು, ನಾಯಿಯಿಂದಲೇ ಕೊನೆ,” ಅಂದರು ಮೇಷ್ಟ್ರು ಒಂದು ಬೆಳಗ್ಗೆ, ಇಬ್ಬರ ತಲೆಯನ್ನೂ ಸವರುತ್ತ. “ಮೊದಲಲ್ಲಿ ಜನಮೇಜಯನ ತಮ್ಮಂದಿರು ತಪ್ಪು ಮಾಡದ ನಾಯಿಮರಿಗೆ ಹೊಡೆದು ಶಾಪ ತಗೊಂಡ್ರು. ಕೊನೇಲಿ ಧರ್ಮರಾಯ ನಾಯಿ ಬಿಟ್ಟು ಸ್ವರ್ಗ ಬೇಡ ಅಂದ. ಅದು ಸೀಮೆ ನಾಯಿ ಅಂತ ಎಲ್ಲೂ ಬರೆದಿಲ್ಲ ನೋಡು.”

ಕೆಲಸ ಸಿಕ್ಕ ಮೇಲೆ ಬಕನ ತಿನ್ನುವ ಚಪಲವೂ ಸ್ವಲ್ಪ ಹತೋಟಿಗೆ ಬಂದಿದೆ. ಮೇಷ್ಟ್ರ ಸಕ್ಕರೆ ಕಾಯಿಲೆಯ ರಿಪೋರ್ಟೂ ಸುಧಾರಿಸಿದೆ. ಯಾರು ಯಾರನ್ನು ವಾಕಿಂಗ್ ಮಾಡಿಸುತ್ತಿದ್ದಾರೆ ಅನ್ನುವುದು ಅಕ್ಕನ ಪ್ರಶ್ನೆ.

ಇಷ್ಟು ಓದಿ ನಿಮಗೂ ಒಂದು ಜೋಲುಕಿವಿ ತರುವ ಆಸೆಯಾದರೆ ಎರಡು ಮಾತು. 2017ರ ನಾಯಿ ಸಾಕಣೆ ಮತ್ತು ಮಾರಾಟದ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಮಾರುವವರು ನೋಂದಣಿ ಮಾಡಿಸಿರಬೇಕು. ನೋಂದಣಿ ಕೇಳಿ, ಮರಿಯ ತಾಯಿಯನ್ನು ಕಣ್ಣಾರೆ ನೋಡಿ, ತೋರಿಸದಿದ್ದರೆ ಎದ್ದು ಬನ್ನಿ. ಹನ್ನೆರಡು ಹದಿನಾಲ್ಕು ವರ್ಷ ಬದುಕುವ ಜೀವ ಅದು. ದಿನಕ್ಕೊಂದು ಗಂಟೆ ನಡೆಸಲು ಆಗದವರು ತರುವುದೇ ಬೇಡ. ಈಗಾಗಲೇ ಸಾಕಿದವರು ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನ ನೆನಪಿಟ್ಟುಕೊಳ್ಳಿ. ಪಶು ಆಸ್ಪತ್ರೆಗಳಲ್ಲಿ ಆ ದಿನ ಪುಕ್ಕಟೆ ಲಸಿಕೆ ಹಾಕುತ್ತಾರೆ. ಮನೆಯ ನಾಯಿಯ ಜೊತೆ ನಿಮ್ಮ ಬೀದಿಯ ಕರಿಯನನ್ನೂ ಕರೆದುಕೊಂಡು ಹೋಗಿ.